ಆಯ್ದಕ್ಕಿಯ ಲೆಕ್ಕ, ಅನುದಾನದ ಲೆಕ್ಕ



ನ್ಯಾಲ್ಕಲ್ ಭಾಗದಿಂದ ಮಠಕ್ಕೆ ಬರುವ ಭಕ್ತರು ಆಗಾಗ ಒಂದು ಮಾತು ಕೇಳುತ್ತಾರೆ: "ಜಲಾನಯನದ ಕೆಲಸಕ್ಕೆ ಸರ್ಕಾರವೇ ಅನುದಾನ ಕೊಡುವಾಗ ನಾವೇಕೆ ಪಾಲು ಕಟ್ಟಬೇಕು? ನಿಮ್ಮ ಪಾಲನ್ನೂ ನಾನೇ ಕಟ್ಟುತ್ತೇನೆ ಎಂದು ಗುತ್ತಿಗೆದಾರ ಹೇಳುತ್ತಾನಲ್ಲ?" ಇದು ಕಾಯಕ-ದಾಸೋಹಕ್ಕೆ ಸಂಬಂಧಿಸಿದ ಪ್ರಶ್ನೆಯೆಂದು ತಿಳಿದು ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ನಮಗೆ ದೂರವಲ್ಲದ ಕಲ್ಯಾಣದಲ್ಲಿ, 12ನೆಯ ಶತಮಾನದಲ್ಲಿ, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದೇ ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಪತ್ನಿ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳುಹಿದರು. ಅಕ್ಕಿ ಕದ್ದದ್ದಲ್ಲ, ಬಿಟ್ಟಿ ಬಿದ್ದದ್ದು. ಆದರೂ ಅದು ದಾಸೋಹದ ಸೊತ್ತು. ಅನುದಾನವೂ ಅಂಥದೇ.

ಈಗ ಲೆಕ್ಕಕ್ಕೆ ಬರೋಣ. 1995ರ ಏಪ್ರಿಲ್‌ನಿಂದ ಜಾರಿಗೆ ಬಂದ ಕೇಂದ್ರದ ಮಾರ್ಗಸೂಚಿಯಲ್ಲಿ ಸುಮಾರು 500 ಹೆಕ್ಟೇರಿನ ಒಂದೊಂದು ಜಲಾನಯನಕ್ಕೆ ಹೆಕ್ಟೇರಿಗೆ 4,000 ರೂಪಾಯಿ ಇತ್ತು. 2008ರ ಮಾರ್ಗಸೂಚಿ ಅದನ್ನು ಬಯಲುಸೀಮೆಗೆ 12,000 ಮಾಡಿತು. ಖಾಸಗಿ ಹೊಲದ ಕೆಲಸಕ್ಕೆ ರೈತನ ಪಾಲು ಶೇಕಡಾ 10, ಸಣ್ಣ ಮತ್ತು ಅತಿಸಣ್ಣ ರೈತರಿಗೂ ಪರಿಶಿಷ್ಟರಿಗೂ ಶೇಕಡಾ 5 ಎಂದಿತು. ಈ ಪಾಲು ಸರ್ಕಾರದ ಬೊಕ್ಕಸಕ್ಕೆ ಹೋಗುವುದಲ್ಲ. ಊರಿನ ಜಲಾನಯನ ನಿಧಿಗೆ ಸೇರಿ, ಯೋಜನೆ ಮುಗಿದ ಮೇಲೆ ಊರ ಒಡ್ಡುಗಳ ದುರಸ್ತಿಗೆ ಆಗುವಂಥದು. ಗುತ್ತಿಗೆದಾರ ಕಟ್ಟಿದರೆ ಆ ಹಣ ಎಲ್ಲಿಂದ ಬರುತ್ತದೆ? ಕಲ್ಲಿನಿಂದ, ಸಿಮೆಂಟಿನಿಂದ. ವ್ಯಾಪಾರ ಬಲ್ಲ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಒಡ್ಡಿನಲ್ಲಿ ಹೂಳು ತುಂಬಿದಾಗ ಸಲಿಕೆ ಹಿಡಿಯುವವರು ಯಾರೂ ಇರುವುದಿಲ್ಲ.

2015ರಲ್ಲಿ ಆರಂಭವಾದ ಮಿಷನ್ ಕಾಕತೀಯದಲ್ಲಿ ಕೆರೆಯ ಹೂಳು ಅಗೆಸಿದ್ದು ಸರ್ಕಾರ, ಹೊಲಕ್ಕೆ ಹೊತ್ತದ್ದು ರೈತರು, ಅದೂ ಸ್ವಂತ ಖರ್ಚಿನಲ್ಲಿ. ಪಾಲು ಎಂದರೆ ಅದು.

ಇನ್ನೊಂದು ಮಾತು, ಕೆಲವರಿಗೆ ರುಚಿಸಲಿಕ್ಕಿಲ್ಲ. ಜಲಾನಯನದ ಕೆಲಸ ದಿಬ್ಬದಿಂದ ಹಳ್ಳಕ್ಕೆ ಇಳಿಯಬೇಕು. ನಮ್ಮಲ್ಲಿ ಮೊದಲ ಒಡ್ಡು ಪ್ರಭಾವಿಗಳ ತಗ್ಗಿನ ಹೊಲದ ಬಳಿ ಏಳುತ್ತದೆ. ಮೇಲಿನ ಗಾಯರಾಣ ಬರಿದಾಗಿಯೇ ಉಳಿಯುತ್ತದೆ. ಅಲ್ಲಿ ಹುಲ್ಲು, ಗಿಡ ಬೆಳೆದರೆ ಮಣ್ಣು ನಿಲ್ಲುತ್ತದೆ, ದನಗಳಿಗೆ ಮೇವಾಗುತ್ತದೆ, ಜಿಂಕೆ-ನವಿಲುಗಳಿಗೂ ನೆಲೆಯಾಗುತ್ತದೆ. ಜಿಂಕೆ ಕಡಲೆ ಮೇಯಿತು ಎಂದು ಬೇಸರಪಡುವ ಬಂಧುಗಳೇ, ಅದರ ಹುಲ್ಲುಗಾವಲನ್ನು ಉತ್ತವರು ಯಾರು? ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಬರಡು ನೆಲದಲ್ಲಿ ಊರಗಾಡು ಬೆಳೆಸಿವೆ. ಆ ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂದಿತು. ಜಹೀರಾಬಾದ್ ಸಂತೆಗೆ ಹೋದಾಗ ಒಮ್ಮೆ ನೋಡಿ ಬನ್ನಿರಿ.

1956ರಲ್ಲಿ ಬೀದರ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್ ಆಂಧ್ರಕ್ಕೆ ಹೋಯಿತು, ಈಗ ತೆಲಂಗಾಣ. ಹಳ್ಳಗಳಿಗೆ ಈ ಗಡಿ ಗೊತ್ತಿಲ್ಲ. ನಮ್ಮ ಎರೆಮಣ್ಣು ಮಳೆನೀರಿನೊಡನೆ ಮಂಜೀರಾಕ್ಕೆ, ಸಿಂಗೂರು ಜಲಾಶಯಕ್ಕೆ ಸಾಗುತ್ತದೆ. ಅದರ ಕೆಳಗೆ 1978ರಲ್ಲಿ ಘೋಷಿಸಿದ ಮಂಜೀರಾ ಅಭಯಾರಣ್ಯ, ಅಲ್ಲಿ ಮೊಸಳೆಗಳ ವಾಸ.

ಆದಕಾರಣ ನಿಮ್ಮೂರಿಗೆ ಅನುದಾನ ಬಂದಾಗ ಗ್ರಾಮಸಭೆ ತಪ್ಪಿಸಬೇಡಿರಿ. ನಿಮ್ಮ ಪಾಲನ್ನು ನೀವೇ ಕಟ್ಟಿ, ನಿಮ್ಮ ಹೆಸರಿನಲ್ಲಿಯೇ ರಸೀದಿ ಪಡೆಯಿರಿ. ಖರ್ಚಿನ ಪಟ್ಟಿಯನ್ನು ಎಲ್ಲರೆದುರು ಓದಿಸಿರಿ. ತೆಲುಗಿನಲ್ಲಿರುವ ಕಾಗದ ತಿಳಿಯದಿದ್ದರೆ ಮಠಕ್ಕೆ ತನ್ನಿರಿ, ಕುಳಿತು ಓದಿ ಹೇಳುತ್ತೇವೆ.