ಅಧಿಕಾರವೂ ಸಮ್ಮತಿಯೂ

ಒಂದು ಸಮೂಹದ ಹಿತವನ್ನು ಬಯಸಿದ ಮಾತ್ರಕ್ಕೆ ಅದರ ಮೇಲೆ ಅಧಿಕಾರ ನಡೆಸುವ ಹಕ್ಕು ಪ್ರಾಪ್ತವಾಗುವುದೇ? ಅಮೆರಿಕೆಯ ವಾಷಿಂಗ್ಟನ್ ನಗರದಲ್ಲಿರುವ ಗ್ಯಾಲೊಡೆಟ್ ವಿಶ್ವವಿದ್ಯಾಲಯದ ವೃತ್ತಾಂತವು ಇಲ್ಲಿ ವಿಚಾರಾರ್ಹವಾದುದು. ಕಿವುಡರ ಉಚ್ಚಶಿಕ್ಷಣಕ್ಕೆಂದು 1864ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ 124 ವರ್ಷಗಳ ಕಾಲ ಕಿವುಡರಾರೂ ಅಧ್ಯಕ್ಷರಾಗಲಿಲ್ಲ. 1988ರ ಮಾರ್ಚ್ ತಿಂಗಳಲ್ಲಿ ಆಡಳಿತ ಮಂಡಲಿಯು ಅರ್ಹರಾದ ಇಬ್ಬರು ಕಿವುಡರನ್ನು ಬಿಟ್ಟು, ಕಿವಿ ಕೇಳುವ, ಸಂಜ್ಞಾಭಾಷೆಯನ್ನರಿಯದ ಎಲಿಜಬೆತ್ ಜಿನ್ಸರ್ ಎಂಬವರನ್ನು ಆರಿಸಿತು. ವಿದ್ಯಾರ್ಥಿಗಳು ದ್ವಾರಗಳನ್ನು ಮುಚ್ಚಿ ನಿಂತರು. ಒಂದು ವಾರದಲ್ಲಿ ಜಿನ್ಸರ್ ಪದತ್ಯಾಗ ಮಾಡಿದರು. ಕಿವುಡರಾದ ಕಿಂಗ್ ಜೋರ್ಡನ್ ಅಧ್ಯಕ್ಷರಾದರು.

ಹಾಗಾದರೆ ಕಿವುಡುತನವೇ ಅರ್ಹತೆಯೆ? ಅದೂ ಅಲ್ಲ. 2006ರಲ್ಲಿ ಆಯ್ಕೆಯಾದ ಜೇನ್ ಫರ್ನಾಂಡಿಸ್ ಹುಟ್ಟುಕಿವುಡರೇ. ಆದರೂ ಆಯ್ಕೆಯ ಕ್ರಮವು ನ್ಯಾಯವಲ್ಲವೆಂದೂ, ಆಕೆಯಲ್ಲಿ ವಿಶ್ವಾಸವಿಲ್ಲವೆಂದೂ ವಿದ್ಯಾರ್ಥಿಗಳೂ ಅಧ್ಯಾಪಕರೂ ಎದುರುನಿಂತರು. ನೂರಕ್ಕೂ ಮಿಕ್ಕ ಜನರ ಬಂಧನವಾಯಿತು. ಕಡೆಗೆ ನೇಮಕವು ರದ್ದಾಯಿತು. ಬಾಲ್ಯದಲ್ಲಿ ಸಂಜ್ಞಾಭಾಷೆಯನ್ನು ಕಲಿಯದ ತನ್ನನ್ನು ಪೂರ್ಣ ಕಿವುಡಳೆಂದು ಎಣಿಸಲಿಲ್ಲವೆಂದು ಆಕೆ ನುಡಿದರು. ಅಂತಹ ಎಣಿಕೆಯು ಯಾರಲ್ಲಿದ್ದಿತೋ ಅವರು ತಾವುಂಡ ಅನ್ಯಾಯವನ್ನೇ ಪರರಿಗೆ ಬಡಿಸಿದಂತಾಯಿತು.

ಆದುದರಿಂದ ದೇಹಲಕ್ಷಣವನ್ನು ನೋಡಿ ಯಾರನ್ನೂ ಪೀಠದಿಂದ ದೂರವಿಡಲಾಗದು; ಅದನ್ನೇ ನೋಡಿ ಪೀಠಕ್ಕೇರಿಸಲೂ ಆಗದು. ಜನರ ನುಡಿಯನ್ನು ಅವರ ಭಾಷೆಯಲ್ಲಿಯೇ ಅರಿತು, ಅವರ ಸಮ್ಮತಿಯನ್ನು ಪಡೆದವರಿಗೇ ಅಧಿಕಾರವು ಸಲ್ಲತಕ್ಕದ್ದು.