ಗೋಡೆಯ ದೋಷ ಯಾರದು?

ಮಳೆಗಾಲ ಹಿಂದಾದ ಕೂಡಲೆ ನಮ್ಮ ಗಡಿಭಾಗದ ಊರುಗಳಲ್ಲಿ ಮನೆ ಬಳಿಸುವ ಮಾತು ಏಳುತ್ತದೆ. ದಸರೆಗೆ ಮನೆ, ದೀಪಾವಳಿಯ ಲಕ್ಷ್ಮೀಪೂಜೆಗೆ ಅಂಗಡಿ, ಲಗ್ನವಿದ್ದರೆ ಎರಡೂ. ಸೊಲ್ಲಾಪುರದ ಭಕ್ತರಿಗೆ ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಗೆ ಬೀಗರು ಬರುವ ಮೊದಲೇ ಕೆಲಸ ಮುಗಿದಿರಬೇಕು. ಹೀಗಾಗಿ ಎಲ್ಲರಿಗೂ ಒಂದೇ ಕಾಲಕ್ಕೆ ಬಣ್ಣದವನು ಬೇಕಾಗುತ್ತಾನೆ, ಎಲ್ಲರೂ ಅವಸರದಲ್ಲಿರುತ್ತಾರೆ.

ನಮ್ಮ ಹಿರಿಯರ ಕಾಲದಲ್ಲಿ ಈ ತೊಡಕು ಇರಲಿಲ್ಲ. ಮಣ್ಣು ಕಲ್ಲಿನ ಗೋಡೆ, ಮೇಲೆ ಮಾಳಿಗೆ. ಮನೆಯ ಹೆಣ್ಣುಮಕ್ಕಳೇ ಸುಣ್ಣ ನೆನೆಹಾಕಿ, ಚೂರು ನೀಲಿ ಬೆರೆಸಿ, ನಾರಿನ ಕುಂಚದಿಂದ ಬಳಿಯುತ್ತಿದ್ದರು. ಕೆಳಗೆ ಮೊಳದೆತ್ತರ ಕೆಮ್ಮಣ್ಣಿನ ಪಟ್ಟಿ. ಸುಣ್ಣ ಉದುರಿದರೆ ಬೈಯಲು ಯಾರೂ ಇರಲಿಲ್ಲ, ಮುಂದಿನ ಹಬ್ಬಕ್ಕೆ ಮತ್ತೊಂದು ಸಲ ಬಳಿದರಾಯಿತು. ಈಗ ಸಿಮೆಂಟಿನ ಮನೆಗಳಾಗಿವೆ, ಬಣ್ಣ ಡಬ್ಬಿಯಲ್ಲಿ ಬರುತ್ತದೆ, ಹಚ್ಚುವವನು ಹೊರಗಿನವನು. ಆತನನ್ನು ಹೇಗೆ ಆರಿಸಬೇಕು, ಏನು ಕೊಡಬೇಕು, ಏನು ಕೇಳಬೇಕು ಎಂಬುದು ಸಂಸಾರದ ಸಣ್ಣ ಮಾತು, ಇದರಲ್ಲಿ ಧರ್ಮಾಧರ್ಮದ ವಿಚಾರವೇನಿದೆ ಎಂದು ಕೆಲವರು ಕೇಳಬಹುದು. ನಾವೂ ಹಾಗೆಯೇ ಅಂದುಕೊಂಡಿದ್ದೆವು. ನಮ್ಮ ಮನೆಯ ಒಂದು ಗೋಡೆ ನಮಗೆ ಬೇರೆ ಪಾಠ ಹೇಳಿತು.

ಕೆಲವು ವರ್ಷಗಳ ಕೆಳಗೆ ಮನೆಯಲ್ಲಿ ಲಗ್ನ ಗೊತ್ತಾಯಿತು. ಮೂವರನ್ನು ಕರೆಸಿ ದರ ಕೇಳಿದೆವು. ಅತಿ ಕಡಿಮೆ ಹೇಳಿದ ಒಬ್ಬ ಹರೆಯದವನನ್ನು ಹಿಡಿದೆವು. ಹಿಡಿದ ಮೇಲೂ ಮತ್ತಷ್ಟು ಇಳಿಸಿದೆವು. ವ್ಯಾಪಾರಸ್ಥರ ಮನೆತನ ನಮ್ಮದು, ಇಳಿಸದೆ ಬಿಟ್ಟರೆ ಊಟ ರುಚಿಸುವುದಿಲ್ಲ. ಎರಡನೆಯ ದಿನ ಉತ್ತರದ ಗೋಡೆ ಕೆರೆಯುತ್ತಿದ್ದವನು ಇಳಿದು ಬಂದು, "ಸಾವ್ಕಾರ್ರ, ಈ ಗ್ವಾಡಿ ಒಳಗ ಹಸಿ ಐತ್ರಿ. ಮ್ಯಾಲಿಂದ ನೀರ ಇಳಿಯಾಕತ್ತೈತಿ. ಈಗ ಹಚ್ಚಬ್ಯಾಡ್ರಿ" ಎಂದ. ನಮಗೆ ಅನಿಸಿದ್ದೇನು? ದರ ಇಳಿಸಿದ್ದಕ್ಕೆ ಈಗ ಬಿಲ್ಲು ಬೆಳೆಸುವ ಹೂಟ ಹೂಡಿದ್ದಾನೆ ಎಂದು. "ತಮ್ಮಾ, ಒಂಬತ್ತು ದಿನಕ್ಕೆ ಅಕ್ಕಿಕಾಳು ಬೀಳಬೇಕು. ಹೇಳಿದಷ್ಟು ಮಾಡು" ಎಂದೆವು. ಆತ ಮಾಡಿದ.

ಮೊದಲ ಮಳೆಗೇ ಆ ಗೋಡೆ ಗುಳ್ಳೆ ಎದ್ದಿತು. ಹಿಂದೆಯೇ ಹಾಳೆಹಾಳೆಯಾಗಿ ಬಣ್ಣ ಬಿಚ್ಚಿಕೊಂಡಿತು, ಒಳಗೆ ಬೂದಿಯಂತೆ ಸವಳು. ಅವನಿಗೆ ಕೊಡಬೇಕಾಗಿದ್ದ ಕೊನೆಯ ಕಂತು ನಮ್ಮ ಕೈಯಲ್ಲೇ ಉಳಿದಿತ್ತು, ಅದನ್ನು ಕೊಡಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಬೇರೆ ಮಾತು. ಪೇಟೆಯಲ್ಲಿ ಕೂತಾಗ ನಾಲ್ಕು ಮಂದಿಯ ಮುಂದೆ ಅವನ ಹೆಸರು ಹಿಡಿದು ಮೋಸಗಾರ ಎಂದೆವು. ಆ ನಾಲ್ವರಲ್ಲಿ ಇಬ್ಬರು ಅವನಿಗೆ ಕೆಲಸ ಕೊಡುವವರಿದ್ದರು. ಕೊಡಲಿಲ್ಲ.

ಮರುವರ್ಷ ಗೌಂಡಿ ಮಾಳಿಗೆ ಒಡೆದು ನೋಡಿದಾಗ ನೀರಿನ ಟಾಕಿಯ ಬುಡದಲ್ಲಿ ನಮ್ಮದೇ ಪೈಪು ಸೀಳಿತ್ತು. ಹನಿ ಹನಿಯಾಗಿ ಆ ಗೋಡೆಗೇ ಇಳಿದಿತ್ತು.

ಜಾಣತನದಿಂದ ಆಳು ಹಿಡಿಯುವುದೆಂದರೆ ಮೋಸ ಹೋಗದಿರುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಮೋಸ ಮಾಡುವವರು ಇಲ್ಲವೆಂದಲ್ಲ. ಸಂಚಕಾರ ಇಸಿದುಕೊಂಡು ಫೋನು ಬಂದು ಮಾಡುವವರಿದ್ದಾರೆ, ಒಳ್ಳೆಯ ಕಂಪನಿಯ ಖಾಲಿ ಡಬ್ಬಿಯಲ್ಲಿ ಕಳಪೆ ಬಣ್ಣ ತುಂಬಿ ತರುವವರಿದ್ದಾರೆ. ಆದರೆ ಅವರನ್ನು ಗುರುತಿಸಲು ಸಂಶಯಕ್ಕಿಂತ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸಂಶಯವು ಒಳ್ಳೆಯವನನ್ನೂ ಕೆಟ್ಟವನನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ. ಲೆಕ್ಕ ಬೇರೆ ಬೇರೆ ಮಾಡಿ ತೋರಿಸುತ್ತದೆ.

ಲೆಕ್ಕವೇನೂ ದೊಡ್ಡದಲ್ಲ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಖೋಲಿ ಎಂದಿಟ್ಟುಕೊಳ್ಳಿ. ನಾಲ್ಕೂ ಗೋಡೆ ಕೂಡಿ 440 ಚದರ ಅಡಿ, ಮೇಲಿನ ಚಾವಣಿ 120, ಒಟ್ಟು 560. ಒಂದು ಬಾಗಿಲು, ಎರಡು ಕಿಟಕಿ ಸುಮಾರು 53 ಅಡಿ ಕಳೆದರೆ ಉಳಿದದ್ದು 507. ಮಹಾರಾಷ್ಟ್ರದ ಭಾಗದಲ್ಲಿ ಬ್ರಾಸಿನ ಲೆಕ್ಕದಲ್ಲಿ ಹೇಳುವವರೂ ಇದ್ದಾರೆ. 100 ಚದರ ಅಡಿಗೆ ಒಂದು ಬ್ರಾಸು, ಅಂದರೆ ಐದಕ್ಕಿಂತ ತುಸು ಹೆಚ್ಚು. ಒಂದು ಲೀಟರು ಎಷ್ಟು ಅಡಿಗೆ ಸಾಲುತ್ತದೆಂದು ಕಂಪನಿಯವರೇ ತಿಳಿಸಿರುತ್ತಾರೆ. ಎರಡು ಕೈ ಹಚ್ಚಲು ಲೀಟರಿಗೆ 60 ಅಡಿ ಎಂದಿದ್ದರೆ ಆ ಖೋಲಿಗೆ ಎಂಟೂವರೆ ಲೀಟರು ಬೇಕು. ಐದು ಲೀಟರಿನಲ್ಲಿ ಮುಗಿಸುತ್ತೇನೆ ಎನ್ನುವವನು ಒಂದೋ ಒಂದೇ ಕೈ ಹಚ್ಚುತ್ತಾನೆ, ಇಲ್ಲವೇ ಉಳಿದ ಮೂರೂವರೆ ಲೀಟರು ನಿಮ್ಮ ಮನೆಯ ಹೌದಿನ ನೀರು. ಈ ಲೆಕ್ಕವನ್ನು ಮೊದಲು ಮಾಡಿದ್ದರೆ, ನಾವು ಇಳಿಸಿದ ದರದಲ್ಲಿ ಆ ಹುಡುಗನಿಗೆ ಏನು ಉಳಿಯುತ್ತದೆ ಎಂಬುದೂ ನಮಗೆ ಕಾಣುತ್ತಿತ್ತು. ಏನೂ ಉಳಿಯುತ್ತಿರಲಿಲ್ಲ. ಪ್ರಾಮಾಣಿಕನಾಗಿ ಉಳಿಯಲು ದಾರಿಯೇ ಇಲ್ಲದ ದರವನ್ನು ಒಬ್ಬನ ಮೇಲೆ ಹೇರಿ, ಆಮೇಲೆ ಅವನ ಪ್ರಾಮಾಣಿಕತೆಯನ್ನು ಪರೀಕ್ಷೆ ಮಾಡುವುದು ನ್ಯಾಯವೇ? ಈ ಪ್ರಶ್ನೆಗೆ ಉತ್ತರ ಕೊಡುವುದು ನಮಗೆ ಇಂದಿಗೂ ಸುಲಭವಾಗಿಲ್ಲ. ದರ ಒಪ್ಪಿದವನು ಅವನೇ ಅಲ್ಲವೆ ಎನ್ನಬಹುದು. ಮನೆಯಲ್ಲಿ ಜೋಳ ತೀರಿದವನು ಯಾವ ದರಕ್ಕೂ ಒಪ್ಪುತ್ತಾನೆ. ಅಡತಿಯಲ್ಲಿ ತೊಗರಿ ಸುರಿದು, ಮರಳಿ ಒಯ್ಯಲು ಗಾಡಿ ಬಾಡಿಗೆ ಇಲ್ಲದೆ ಕೇಳಿದ ದರಕ್ಕೆ ಕೊಟ್ಟು ಬಂದ ರೈತನನ್ನು ಕೇಳಿ, ಆ ಒಪ್ಪಿಗೆ ಎಂಥದೆಂದು ಹೇಳುತ್ತಾನೆ.

ಕೆಲಸ ಕೊಡುವ ಬಗೆ ಮೂರು. ಸಾಮಾನು ಸಹಿತ ಗುತ್ತಿಗೆ, ಬರೀ ಮಜೂರಿಯ ಗುತ್ತಿಗೆ, ದಿನಗೂಲಿ. ಸಾಮಾನು ಸಹಿತ ಕೊಟ್ಟರೆ ಬಣ್ಣ ತೆಳುವಾಗುವ ಭಯ. ದಿನಗೂಲಿಗೆ ಹಚ್ಚಿದರೆ ಮೂರು ದಿನದ ಕೆಲಸ ಐದು ದಿನವಾಗುವ ಭಯ. ಮಜೂರಿಯ ಗುತ್ತಿಗೆ ಕೊಟ್ಟು ಬಣ್ಣ ನಾವೇ ತಂದರೆ ಅಗ್ಗದ್ದನ್ನು ತರುವ ಆಸೆ ನಮಗೇ ಹುಟ್ಟುತ್ತದೆ. ಲಾಂಬಿಗೆ ದುಡ್ಡೇಕೆ, ಪ್ರೈಮರು ಏಕೆ ಎಂದು ಚೌಕಾಶಿ ಮಾಡುತ್ತೇವೆ, ಗೋಡೆ ಕೆಟ್ಟರೆ ಅವನ ಕೈ ಸರಿಯಿಲ್ಲ ಎನ್ನುತ್ತೇವೆ. ಬಣ್ಣದ ಡಬ್ಬಿಗಳಲ್ಲಿ ಕಂಪನಿಯವರು ಟೋಕನ್ ಇಡುವ ರೂಢಿಯೂ ಉಂಟು, ಅದು ಹಚ್ಚುವವನಿಗೆ ಸೇರುವಂಥದು. ಅವನು ಅದನ್ನು ಮನೆಯವರಿಗೆ ಕಾಣದಂತೆ ತೆಗೆದಿಟ್ಟುಕೊಳ್ಳುತ್ತಾನೆ; ಕಂಡರೆ ನಾವು ಕಸಿದುಕೊಳ್ಳುತ್ತೇವೆಂಬ ಹೆದರಿಕೆ. ಟೋಕನ್ನಿನ ಆಸೆಗೆ ಬೇಡದ ಬಣ್ಣ ಹೇಳುವವನು ತಪ್ಪು ಮಾಡಿದ. ಡಬ್ಬಿ ನಮ್ಮ ದುಡ್ಡಿನದು, ಟೋಕನ್ನೂ ನಮ್ಮದೇ ಎಂದು ಜಗಳಕ್ಕೆ ನಿಲ್ಲುವ ಸಾವ್ಕಾರನೂ ದೊಡ್ಡ ಮನುಷ್ಯನೇನಲ್ಲ. ಮೊದಲೇ ಇಬ್ಬರೂ ಬಾಯಿಬಿಟ್ಟು ಆಡಿಕೊಂಡರೆ ಮುಗಿಯಿತು.

ಆರಿಸುವಾಗ ಹೊಸದಾಗಿ ಹಚ್ಚಿದ ಮನೆ ನೋಡಬೇಡಿ, ಹೊಸದೆಲ್ಲ ಚೆಂದವೇ. ಎರಡು ಮಳೆಗಾಲ ಕಂಡ ಗೋಡೆ ನೋಡಿ. ಆ ಮನೆಯವರನ್ನು, ಏನಾದರೂ ಕೆಟ್ಟಾಗ ಕರೆದರೆ ಆತ ಬಂದನೇ ಎಂದು ಕೇಳಿ. ಇವೆಲ್ಲಕ್ಕಿಂತ ಹೆಚ್ಚಾಗಿ, 'ಬೇಡ' ಎನ್ನಬಲ್ಲವನನ್ನು ಹುಡುಕಿ. ಹೊಸ ಗಿಲಾವು ಪೂರ್ತಿ ಒಣಗುವ ಮೊದಲು ಹಚ್ಚುವುದು ಬೇಡ, ಮಳೆಯಲ್ಲಿ ಹೊರಗೋಡೆ ಬೇಡ ಎನ್ನುವವನು ತನ್ನ ಇಂದಿನ ಗಳಿಕೆಯನ್ನು ಬಿಟ್ಟು ಮಾತಾಡುತ್ತಿದ್ದಾನೆ. ಜತ್ತಿನ ಕಡೆಯ ಹಳ್ಳಿಗಳಲ್ಲಿ ಇನ್ನೂ ನಿಂತಿರುವ ಹಳೆಯ ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಬಣ್ಣ ಹಚ್ಚಿದರೆ ಒಳಗಿನ ಹಸಿ ಹೊರಗೆ ಬರಲಾಗದೆ ಗೋಡೆಯೇ ಕೆಡುತ್ತದೆ, ಅದಕ್ಕೆ ಸುಣ್ಣವೇ ಸರಿ. ಸುಣ್ಣದಲ್ಲಿ ಬಣ್ಣದವನಿಗೆ ಹೆಚ್ಚು ಸಿಗುವುದಿಲ್ಲ. ಆದರೂ ಸುಣ್ಣ ಹಚ್ಚಿರಿ ಎನ್ನುವವನು ಸಿಕ್ಕರೆ ಅವನ ದರ ಇಳಿಸಲು ಹೋಗಬಾರದು. ಅಂಥವನು ನಮ್ಮ ಮನೆಗೇ ಬಂದಿದ್ದ, ನಾವು ಕಿವಿ ಕೊಡಲಿಲ್ಲ.

ಮಾತನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು. ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವುಂಟು. ನಮ್ಮ ಮಾತು ಕನ್ನಡ, ಅವನ ಮಾತು ಮರಾಠಿಯೋ ತೆಲುಗೋ ಇರಬಹುದು, ಡಬ್ಬಿಯ ಮೇಲಿನದು ಇಂಗ್ಲೀಷು. ಯಾವ ಗೋಡೆ, ಎಷ್ಟು ಕೈ, ಯಾವ ಬಣ್ಣ, ಬಾಗಿಲು ಕಿಟಕಿ ಕಳೆಯುವುದೋ ಬಿಡುವುದೋ, ಕಪಾಟು ಸರಿಸುವವರು ಯಾರು, ಹಣ ಎಂದು ಎಂದು, ಇಷ್ಟು ಸಾಕು. ಓದು ಬಾರದವನಾದರೆ ಓದಿ ಹೇಳಿ, ಅವನ ಮಾತನ್ನೂ ಬರೆಯಬೇಕು. 'ಉತ್ತರದ ಗೋಡೆ ಹಸಿ ಇದೆ ಎಂದು ತಿಳಿಸಿದ್ದೇನೆ' ಎಂಬ ಒಂದು ಸಾಲು ನಮ್ಮ ಕಾಗದದಲ್ಲಿ ಇದ್ದಿದ್ದರೆ ನಮ್ಮ ನಾಲಿಗೆ ಅಷ್ಟು ಉದ್ದವಾಗುತ್ತಿರಲಿಲ್ಲ.

ಹಣದ ವಿಷಯದಲ್ಲಿ ಎಲ್ಲವನ್ನೂ ಮೊದಲೇ ಕೊಡುವುದು ತಪ್ಪು. ಕೆಲಸದೊಡನೆ ಪಾಲು ಪಾಲಾಗಿ ಕೊಡಬೇಕು. ಆದರೆ ಕೊನೆಯ ಪಾಲನ್ನು ಹಿಡಿದಿಟ್ಟುಕೊಳ್ಳುವುದು ನಮ್ಮ ಕೈಯಲ್ಲಿನ ಬಡಿಗೆಯಾಗಬಾರದು. ಕಬ್ಬು ಕಳಿಸಿದ 14 ದಿನದೊಳಗೆ ಕಾರ್ಖಾನೆಯವರು ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಆ ದಿನ ದಾಟಿದಾಗ ನಮ್ಮ ರೈತಬಾಂಧವರು ಎಷ್ಟು ಸಲ ಕಚೇರಿಯ ಕಟ್ಟೆ ಹತ್ತಿಳಿದಿದ್ದಾರೆಂಬುದು ಅವರಿಗೇ ಗೊತ್ತು. ಅದೇ ರೈತ ತನ್ನ ಮನೆಗೆ ಬಣ್ಣ ಹಚ್ಚಿದವನಿಗೆ 'ಬಿಲ್ಲು ಬರಲಿ, ಕೊಡೋಣ' ಎಂದು ಎರಡು ಸಂತೆ ದಾಟಿಸುವುದನ್ನೂ ನಾವು ಕಂಡಿದ್ದೇವೆ.

ಹೇಳಲೇಬೇಕಾದ ಇನ್ನೊಂದು ಮಾತು ಜೀವದ್ದು. ಹಳೆಯ ಬಾಗಿಲು, ಕಿಟಕಿ ಸರಳುಗಳ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಂಭವ ಬಹಳ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂದು ಕೇಂದ್ರ ಸರಕಾರ 2016ರಲ್ಲಿ ನಿಯಮ ಮಾಡಿ, 2017ರ ನವೆಂಬರಿನಿಂದ ಜಾರಿಗೆ ತಂದಿತು. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಏಳುವ ಧೂಳು ಕೂಸುಗಳ ಬುದ್ಧಿಗೆ ಕೇಡು, ಬಸುರಿಯರಿಗೂ ಕೇಡು, ದಿನವೂ ಅದನ್ನೇ ಉಜ್ಜುವವನಿಗಂತೂ ಕೇಳುವುದೇ ಬೇಡ. ನೀರು ಹಾಕಿ ಉಜ್ಜಿಸಬೇಕು, ನೆಲಕ್ಕೆ ಹಾಳೆ ಹಾಸಬೇಕು, ಮಕ್ಕಳನ್ನು ದೂರ ಇಡಬೇಕು, ಅವನಿಗೆ ಮೂಗಿಗೆ ಕಟ್ಟಲು ಸರಿಯಾದ ಮುಖಕವಚ ಕೊಡಿಸಬೇಕು. ಎತ್ತರದ ಕೆಲಸಕ್ಕೆ ಗಟ್ಟಿ ಸಾರುವೆ ಕಟ್ಟಿಸಲು ಆಗುವ ಖರ್ಚು ಕೆಲಸದ ಖರ್ಚೇ ಹೊರತು ಅವನ ಸ್ವಂತದ್ದಲ್ಲ. ಬಿದ್ದರೆ ನಮ್ಮ ಹೊಣೆಯಲ್ಲ ಎಂದು ಬರೆಸಿಕೊಳ್ಳುವವರಿದ್ದಾರೆ. ನಮ್ಮ ಅಂಗಳದಲ್ಲಿ ಬಿದ್ದವನ ಮಕ್ಕಳಿಗೆ ಆ ಕಾಗದ ಏನು ಉತ್ತರ ಹೇಳೀತು?

ಕೆಲವು ಮನೆಗಳಲ್ಲಿ ಬಣ್ಣದವನಿಗೆ ಚಹ ಕೊಡಲು ಕಿಟಕಿಯಲ್ಲಿ ಬೇರೆ ಲೋಟ ಇಟ್ಟಿರುತ್ತಾರೆ, ದೇವರಕೋಣೆಯ ಗೋಡೆಯನ್ನು ಮಾತ್ರ ಮನೆಯವರೇ ಹಚ್ಚಿಕೊಳ್ಳುತ್ತಾರೆ. ಶರಣರ ಹೆಸರು ಹೇಳುವ ಮನೆಗಳಲ್ಲಿಯೂ ಇದು ಇದೆ ಎಂಬುದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇವೆ. ಕೂಲಿಯವನು ಕೆಲಸ ಕೆಡಿಸಿದಾಗ ಅವನಿಗೆ ಕಾಯಕದ ಉಪದೇಶ ಮಾಡುವುದು ನಮಗೆ ಬಹಳ ಇಷ್ಟ. ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಮರಳಿ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕತೆ ನಮ್ಮ ಮಕ್ಕಳಿಗೂ ಗೊತ್ತು. ಒಬ್ಬನ ಕೂಲಿಯಿಂದ ಕಳೆದು ಉಳಿಸಿದ ಹಣವೂ ಮನೆಗೆ ತಂದ ಹೆಚ್ಚಿನ ಅಕ್ಕಿಯೇ ಎಂದು ಆ ಕತೆ ಹೇಳುವಾಗ ನಮಗೆ ಹೊಳೆದದ್ದಿಲ್ಲ.

ಪೈಪು ಸಿಕ್ಕ ಮೇಲೆ ನಾವು ಸುಮ್ಮನೆ ಕೂರಲಾಗಲಿಲ್ಲ. ಉಳಿಸಿಕೊಂಡ ಹಣ ಕೊಡುವುದು ಸುಲಭ. ಆಡಿದ ಮಾತನ್ನು ಹಿಂದಕ್ಕೆ ತರುವುದು ಹೇಗೆ? ಆ ನಾಲ್ಕು ಅಂಗಡಿಗಳಿಗೂ ಹೋಗಿ, ತಪ್ಪು ನಮ್ಮದಾಗಿತ್ತು ಎಂದು ಹೇಳಿದೆವು. ಒಬ್ಬರು ನಕ್ಕರು. ಇನ್ನೊಬ್ಬರು, "ನಾನು ಆಗಲೇ ಬ್ಯಾರೆಯವರಿಂದ ಮಾಡಿಸಿದೆನಲ್ಲ" ಎಂದರು. ಹೋದ ಕೆಲಸ ಹೋಗಿತ್ತು.

ಅವನ ಮನೆ ಹುಡುಕಿಕೊಂಡು ಹೋದಾಗ ಅವನ ತಾಯಿ ಚಾಪೆ ಹಾಸಿ ಕೂಡಿಸಿ ಚಹ ಕೊಟ್ಟಳು, ಎಲ್ಲರಿಗೂ ಒಂದೇ ತರಹದ ಬಟ್ಟಲಿನಲ್ಲಿ. ಬಾಕಿಯೊಡನೆ ಇನ್ನಷ್ಟು ಸೇರಿಸಿ ಕೊಟ್ಟೆವು. ಆತ ಎಣಿಸಿ, ಮೇಲಿನದನ್ನು ಬೇರೆ ಮಾಡಿ ನಮ್ಮ ಮುಂದಿಟ್ಟು, "ಲೆಕ್ಕದ್ದು ಇಷ್ಟರೀ" ಎಂದ. ನಾವು ಮಾತಾಡಿದ್ದರ ಬಗ್ಗೆ ಏನನ್ನೂ ಕೇಳಲಿಲ್ಲ. ಗೋಡೆ ಮತ್ತೆ ಹಚ್ಚಿಕೊಡುತ್ತೀಯಾ ಎಂದು ಕೇಳಿದೆವು. ನೋಡತೇನಿ ಅಂದ.

ಎಂಟು ದಿನ ಬಿಟ್ಟು ಬಂದ. ಉತ್ತರದ ಗೋಡೆಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತ, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದು ನೋಡಿದ. "ಇನ್ನs ಆರಿಲ್ಲರೀ. ಒಂದ ಬ್ಯಾಸಗಿ ಹೋಗ್ಲಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಆ ವರ್ಷ ನಮ್ಮ ಮನೆಯ ದೀಪಾವಳಿ ಬರಿಯ ಗಿಲಾವಿನ ಗೋಡೆಯ ಮುಂದೆಯೇ ಆಯಿತು.