ಬಿಚ್ಚಲು ಬರುವ ಜೋಡಣೆ

ಕೆಟ್ಟದ್ದನ್ನು ಸರಿಮಾಡುವವನು ಯಾರಿಗಾಗಿ ಸರಿಮಾಡುತ್ತಾನೆ? ದುಡ್ಡು ಕೊಟ್ಟವನಿಗಾಗಿ ಎಂಬುದು ಥಟ್ಟನೆ ಹೊಳೆಯುವ ಉತ್ತರ. ಇಪ್ಪತ್ತು ವರ್ಷ ದಾಟಿದ ನಮ್ಮ ಮನೆಯ ಕಾರಿನ ಒಂದು ಪ್ಲಾಸ್ಟಿಕ್ ತುಣುಕು ಈ ಉತ್ತರವನ್ನು ಮತ್ತೊಮ್ಮೆ ತಿರುವಿ ನೋಡುವಂತೆ ಮಾಡಿತು.

2000ದ ಆಸುಪಾಸಿನಲ್ಲಿ ನಮ್ಮ ದೇಶದಲ್ಲಿ ಹೊಗೆಯ ನಿಯಮಗಳು ಬಿಗಿಯಾಗುತ್ತಿದ್ದಂತೆ ಪೆಟ್ರೋಲ್ ಕಾರುಗಳಿಂದ ಕಾರ್ಬ್ಯುರೇಟರ್ ಮರೆಯಾಗುತ್ತ ಬಂತು. ಅದರ ಜಾಗಕ್ಕೆ ಒಂದು ಪುಟ್ಟ ಕಂಪ್ಯೂಟರೂ ಅದಕ್ಕೆ ಸುದ್ದಿ ಮುಟ್ಟಿಸುವ ಸೆನ್ಸರುಗಳೂ ಬಂದವು. ಸೆನ್ಸರಿಗೂ ವಯರಿಗೂ ನಡುವೆ ಕೂತಿರುವ, ಹೆಬ್ಬೆರಳಿನಷ್ಟು ಗಾತ್ರದ ಸಾಧನವನ್ನು ಗ್ಯಾರೇಜಿನವರು ಕಪ್ಲರ್ ಎನ್ನುತ್ತಾರೆ. ಇಂಜಿನ್ನಿನ ಕಾವಿನಲ್ಲಿ ವರ್ಷಗಟ್ಟಲೆ ಬೆಂದು ಅದರ ಪ್ಲಾಸ್ಟಿಕ್ ಹಪ್ಪಳದಂತಾಗುತ್ತದೆ. ಕೊಂಡಿ ಮುರಿಯುತ್ತದೆ, ಒಳಗಿನ ರಬ್ಬರು ಸೀಳುತ್ತದೆ, ಮಳೆಗಾಲದ ತೇವ ಇಳಿದು ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ.

ನಮ್ಮ ಕಾರಿನಲ್ಲಿ ಕೆಟ್ಟದ್ದು ಇಂಜಿನ್ನಿನ ನೀರಿನ ಕಾವನ್ನು ಅಳೆಯುವ ಸೆನ್ಸರಿನ ಕಪ್ಲರ್. ಆ ಸೆನ್ಸರ್ ಬಿಸಿಯಾದಷ್ಟೂ ಅದರ ವಿದ್ಯುತ್ ರೋಧ ಕಡಿಮೆಯಾಗುತ್ತದೆ. ಕಿಲುಬಿನ ರೋಧವೂ ಅದಕ್ಕೆ ಸೇರಿಕೊಂಡರೆ, ಇಂಜಿನ್ ಇನ್ನೂ ತಣ್ಣಗಿದೆ ಎಂದೇ ತಿಳಿದು ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಸುರಿಯುತ್ತದೆ. ಹೇಳುವವನು ಸತ್ಯವನ್ನೇ ಹೇಳಿದ್ದಾನೆ, ಕೇಳುವವನು ಕೇಳಿದಂತೆಯೇ ನಡೆದಿದ್ದಾನೆ. ನಡುವಿನ ದಾರಿ ಕೆಟ್ಟದ್ದರಿಂದ ಮಾತು ಸುಳ್ಳಾಯಿತು, ಅಷ್ಟೆ. ಮನುಷ್ಯರ ನಡುವೆಯೂ ಹೀಗಾಗುವುದುಂಟಲ್ಲ!

ಸೆನ್ಸರ್ ಬೇಕೆಂದರೆ ಹೊಸದು ಸಿಗುತ್ತದೆ. ಕಪ್ಲರ್ ಮಾತ್ರ ಬಿಡಿಯಾಗಿ ಇಲ್ಲ, ಇಡೀ ವಯರಿಂಗ್ ತರಿಸಬೇಕು ಎಂದರು ಅಂಗಡಿಯವರು. ಅಂಗಿಯ ಗುಂಡಿ ಬಿದ್ದದ್ದಕ್ಕೆ ಹೊಸ ಅಂಗಿ ಹೊಲಿಸಿದಂತೆ! ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದಾಗ ಸಿಕ್ಕಿದ್ದಕ್ಕೆ ಪಿನ್ನು ಎರಡೇ ಇದ್ದರೂ ಒಳಗಿನ ಗಾಡಿ ಬೇರೆಯಾಗಿತ್ತು. ಪುತ್ತೂರಿನ ನಮ್ಮ ಆಟೋ ಎಲೆಕ್ಟ್ರಿಶಿಯನ್ ಆಗ ಹೇಳಿದ್ದು ಇದು:

"ಮಾಷ್ಟ್ರೇ, ಕಪ್ಲರ್ ತೆಗೆದು ಸೆನ್ಸರಿನ ಪಿನ್ನಿಗೇ ವಯರು ಬೆಸೆದು ಕೊಟ್ಟರೆ ಅರ್ಧ ಗಂಟೆಯ ಕೆಲಸ. ಗಾಡಿ ಓಡ್ತದೆ. ಆದರೆ ನಾಳೆ ಸೆನ್ಸರ್ ಹೋದರೆ ವಯರು ಕಡೀಬೇಕು. ಕಡಿದ ಹಾಗೆ ವಯರು ಗಿಡ್ಡ ಆಗ್ತದೆ. ಆಮೇಲೆ ಬಂದವ ನನಗೆ ಬೈತಾನೆ."

'ಆಮೇಲೆ ಬಂದವ' ಎಂಬ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅವನು ಯಾರೋ, ಯಾವ ಊರಿನವನೋ. ದುಡ್ಡು ಕೊಡುವವನಲ್ಲ, ಧನ್ಯವಾದ ಹೇಳುವವನೂ ಅಲ್ಲ. ಆದರೂ ಅವನ ಪಾಲಿನ ಒಂದಿಂಚು ವಯರನ್ನು ನಾವು ಇಂದೇ ಖರ್ಚು ಮಾಡಬಾರದೆಂಬ ದಾಕ್ಷಿಣ್ಯ ಆ ಮಾತಿನಲ್ಲಿತ್ತು. ಕಪ್ಲರ್ ಎಂದರೆ ಬರಿಯ ಜೋಡಣೆಯಲ್ಲ, ಬಿಚ್ಚಲು ಬರುವಂಥ ಜೋಡಣೆ. ಇದನ್ನು ಮತ್ತೊಬ್ಬರು ಬಿಚ್ಚಿಯಾರು ಎಂದು ಮೊದಲೇ ಒಪ್ಪಿಕೊಂಡು ಮಾಡಿದ ಕೆಲಸ ಅದು.

ಹಾಗಾದರೆ ನೇರವಾಗಿ ಬೆಸೆಯುವುದು ತಪ್ಪೆ? ರಾತ್ರಿ ಹೊತ್ತು ಶಿರಾಡಿ ಘಾಟಿಯಲ್ಲಿ ಗಾಡಿ ನಿಂತ ಟ್ಯಾಕ್ಸಿಯವನಿಗೆ ಈ ಉಪದೇಶ ಹೇಳುವುದು ಕ್ರೌರ್ಯ. ಅವನಿಗೆ ಬೇಕಾದದ್ದು ಅರ್ಧ ಗಂಟೆಯ ಉಪಾಯವೇ. ಆ ಉಪಾಯದ ಮೇಲೆ ಕರಿ ಟೇಪು ಸುತ್ತಿ, ಎಲ್ಲವೂ ಮೊದಲಿನಂತೆಯೇ ಇದೆಯೆಂದು ತೋರಿಸಿ ಗಾಡಿ ಮಾರುವಲ್ಲಿ ಅಧರ್ಮ ಶುರುವಾಗುತ್ತದೆ. ತಾತ್ಕಾಲಿಕವಾದದ್ದು ತಾತ್ಕಾಲಿಕವೆಂದು ಹೇಳಿಕೊಂಡಿರುವವರೆಗೆ ಅದರಲ್ಲಿ ಮೋಸವಿಲ್ಲ.

ಕೊನೆಗೆ ಕಪ್ಲರ್ ದೊರೆತದ್ದು ಮಂಗಳೂರಿನ ಒಂದು ಗುಜರಿಯಲ್ಲಿ, ಬೇರೊಂದು ಕಂಪನಿಯ ಕಾರಿನಿಂದ. ಸೆನ್ಸರು, ಕಪ್ಲರುಗಳನ್ನು ಸಾಮಾನ್ಯವಾಗಿ ಕಾರಿನ ಕಂಪನಿಗಳೇ ಮಾಡುವುದಿಲ್ಲ. ಒದಗಿಸುವವರು ಬೇರೆ, ಒಬ್ಬರದೇ ಮಾಲು ಹಲವು ಕಾರುಗಳಲ್ಲಿ ಇರುತ್ತದೆ. ಎಲೆಕ್ಟ್ರಿಶಿಯನ್ ಅದನ್ನು ಬುಡಕ್ಕೇ ಕತ್ತರಿಸದೆ ಒಂದು ಗೇಣು ವಯರಿನ ಸಮೇತ ತಂದಿದ್ದ. ಬೆಲೆ ನೂರಿಪ್ಪತ್ತು ರೂಪಾಯಿ. ಕೂಲಿಯೆಂದು ಅವನು ಕೇಳಿದ್ದು ಜೋಡಿಸಿದ ಅರ್ಧ ಗಂಟೆಯದು ಮಾತ್ರ. ಹುಡುಕಾಟಕ್ಕೆ ಹೋದ ಒಂದು ದಿನ ಲೆಕ್ಕಕ್ಕೇ ಬರಲಿಲ್ಲ. ನಾನು ಆ ದಿನದ ಕೂಲಿಯನ್ನೂ ಸೇರಿಸಿ ಕೊಟ್ಟೆ. ಅದು ಔದಾರ್ಯವಲ್ಲ. ಕಣ್ಣಿಗೆ ಕಾಣುವ ಕೆಲಸಕ್ಕೆ ಮಾತ್ರ ಹಣ ಕೊಡುವ ನಮ್ಮ ಪದ್ಧತಿಯೇ ಮೆಕ್ಯಾನಿಕನನ್ನು ಟೇಪಿನ ಕಡೆಗೆ ತಳ್ಳುತ್ತದೆ ಎಂದು ನಾನು ತಿಳಿದಿದ್ದೇನೆ.

2022ರಲ್ಲಿ ಕೇಂದ್ರ ಸರಕಾರ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ನೇಮಿಸಿತು. ಅದರ ಪಟ್ಟಿಯಲ್ಲಿ ಮೊಬೈಲು, ಕೃಷಿ ಯಂತ್ರಗಳೊಡನೆ ವಾಹನಗಳೂ ಇದ್ದವು. ಒಳ್ಳೆಯದೇ. ಬಿಡಿಭಾಗ ಬಿಡಿಯಾಗಿ ಸಿಗುವಂತೆ ಕಾನೂನು ಮಾಡಬಹುದು. ಆದರೆ ಆಮೇಲೆ ಬರುವವನಿಗಾಗಿ ಒಂದಿಂಚು ವಯರು ಉಳಿಸಬೇಕೆಂಬ ಬುದ್ಧಿಯನ್ನು ಕಾನೂನು ಕೊಡಲಾರದು. ಅದು ಕೆಲಸ ಮಾಡುವವನಲ್ಲಿ ಇರಬೇಕು, ಮಾಡಿಸುವವನು ಅದಕ್ಕೆ ಕಾಯಲು ಒಪ್ಪಬೇಕು.